ಬಾರದೇ ಹೋದ ಗೆರೆಗಳು

ಕಳೆದ ಮಳೆಗಾಲದಲ್ಲಿ ಶಿರಸಿಯ ಮನೆಯಲ್ಲಿ ಕೂತು ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ತೆಳುವಾದ ಅಲ್ಯೂಮಿನಿಯಂ ಹಾಳೆಗೆ ಎಕ್ಸ್‌ರೇ ಲೇಸರ್ ಹೊಡೆದರೆ ಒಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕಲು. ಈ ಪ್ರಯೋಗ ಕ್ಯಾಲಿಫೋರ್ನಿಯಾದ ಎಲ್‌ಸಿಎಲ್‌ಎಸ್ ಲೇಸರ್‌ನಲ್ಲಿ ನಡೆದಿತ್ತು, 2012ರಲ್ಲಿ ಪ್ರಕಟವಾಯಿತು. ಹಾಳೆಯ ದಪ್ಪ 1 ಮೈಕ್ರಾನ್, ಲೇಸರಿನ ಒಂದು ಮಿಂಚು 80 ಫೆಮ್ಟೊಸೆಕೆಂಡಿಗಿಂತ ಕಡಿಮೆ. ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲಲ್ಲಿ ಒಂದು. ಅಷ್ಟರಲ್ಲೇ ಲೋಹ ಸುಮಾರು 20 ಲಕ್ಷ ಡಿಗ್ರಿಗೆ ಕಾಯುತ್ತದೆ. ಆದರೆ ಪರಮಾಣುಗಳಿಗೆ ಚದುರಲು ಪುರುಸೊತ್ತೇ ಇಲ್ಲ. ಸಾಂದ್ರತೆ ಗಟ್ಟಿ ಲೋಹದ್ದೇ ಉಳಿಯುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಇದೇ.

ಎಕ್ಸ್‌ರೇ ಮೊದಲು ಕಿತ್ತು ಹಾಕುವುದು ತೀರಾ ಒಳಗಿನ ಕೆ ಕವಚದ ಎಲೆಕ್ಟ್ರಾನನ್ನು. ತಣ್ಣಗಿನ ಅಲ್ಯೂಮಿನಿಯಂನಲ್ಲಿ ಅದಕ್ಕೆ 1,560 ಇವಿ (ಎಲೆಕ್ಟ್ರಾನ್‌ವೋಲ್ಟ್, ಪರಮಾಣು ಮಟ್ಟದ ಶಕ್ತಿಯ ಅಳತೆ) ಬೇಕು. ಖಾಲಿ ಜಾಗಕ್ಕೆ ಮೇಲಿನ ಎಲೆಕ್ಟ್ರಾನ್ ಬೀಳುತ್ತದೆ. ಹೆಚ್ಚಿನ ಸಲ ಆ ಶಕ್ತಿ ಇನ್ನೊಂದು ಎಲೆಕ್ಟ್ರಾನನ್ನು ಹೊರಗೆ ದಬ್ಬುತ್ತದೆ. ಅದು ಅಕ್ಕಪಕ್ಕದವಕ್ಕೆ ಢಿಕ್ಕಿ ಹೊಡೆದು ಲೋಹವನ್ನು ಕಾಯಿಸುತ್ತದೆ. ಅಪರೂಪಕ್ಕೆ ಆ ಶಕ್ತಿ 1,487 ಇವಿಯ ಬೆಳಕಾಗಿ ಹೊರಬರುತ್ತದೆ. ಬೆಳಕನ್ನು ಶಕ್ತಿಯ ಪ್ರಕಾರ ಬಿಡಿಸಿಟ್ಟ ರೋಹಿತದಲ್ಲಿ ಅದು ಒಂದು ಗೆರೆಯಾಗಿ ಕಾಣುತ್ತದೆ. ಕೆ ಕವಚದ ಹೊರಗಿನ ಎಲ್ ಕವಚದ ಎಲೆಕ್ಟ್ರಾನ್ ಒಂದೊಂದೇ ಹೋದಂತೆ ಈ ಗೆರೆ ಮೇಲೆ ಸರಿಯುತ್ತದೆ. ಗೆರೆ ಎಣಿಸಿದರೆ ಎಷ್ಟು ಹೋಗಿವೆ ಅಂತ ತಿಳಿಯುತ್ತದೆ.

ನನ್ನ ಲೆಕ್ಕದಲ್ಲಿ ಕೆಳಗಿನ ಗೆರೆಗಳು ಬಂದವು, ಮೇಲಿನವು ಬರಲೇ ಇಲ್ಲ. ಲೆಕ್ಕದ ಸ್ಟೆಪ್ ಸಣ್ಣದು ಮಾಡಿದೆ. ಕರೆಂಟ್ ಹೋಗಿ ಎರಡು ಸಲ ಮೊದಲಿಂದ ಓಡಿಸಿದೆ. ಉಪಯೋಗ ಆಗಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯನ್ನು ನಾನು ಒಂಟಿ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) ಪಟ್ಟಿಯಿಂದ ತೆಗೆದುಕೊಂಡಿದ್ದೆ. ಇಷ್ಟು ದಟ್ಟಣೆಯಲ್ಲಿ ಯಾವ ಅಯಾನೂ ಒಂಟಿಯಲ್ಲ ಅಲ್ವಾ? ಸುತ್ತಲಿನ ಎಲೆಕ್ಟ್ರಾನ್, ಅಯಾನುಗಳು ಸೇರಿ ಆ ಶಕ್ತಿಯನ್ನು ತಗ್ಗಿಸುತ್ತವೆ.

ಎಷ್ಟು ತಗ್ಗಿಸಬೇಕು? ಜಾಸ್ತಿ ಬಳಕೆಯಲ್ಲಿದ್ದದ್ದು 1966ರ ಸ್ಟೀವರ್ಟ್–ಪಯಟ್ ಸೂತ್ರ. ಅದನ್ನು ಹಾಕಿದರೂ ಸಾಲಲಿಲ್ಲ. 1963ರ ಎಕರ್–ಕ್ರೋಲ್ ಸೂತ್ರವನ್ನು ಸ್ವಲ್ಪ ತಿದ್ದಿ ಹಾಕಿದೆ. ಎಲ್‌ಸಿಎಲ್‌ಎಸ್ ತಂಡದ ಅಳತೆಗೂ ಅದೇ ಹೊಂದಿತ್ತು. ಬೆಳಗಿನ ಜಾವ ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಂತವು.

ಚಾ ತಂದ ಆಯಿ, "ಎಂತಾ ಸರಿ ಆತು ತಮಾ?" ಅಂದಳು. ನಮ್ಮನೆ ಬಾವಿಯನ್ನೇ ತೋರಿಸಿದೆ. ಬೇಸಿಗೆಯಲ್ಲಿ ಹಗ್ಗ ಪೂರ್ತಿ ಬಿಡಬೇಕು, ಆಷಾಢದಲ್ಲಿ ಎರಡು ಮಾರು ಸಾಕು. ನಾನು ಬೇಸಿಗೆಯ ಹಗ್ಗ ಹಿಡಿದು ಲೆಕ್ಕ ಹಾಕಿದ್ದೆ ಅಂದೆ. ಅವಳಿಗೆ ತಕ್ಷಣ ಹೊಳೆಯಿತು.

2013ರಲ್ಲಿ ಬ್ರಿಟನ್ನಿನ ಓರಿಯನ್ ಲೇಸರ್ ಪ್ರಯೋಗಕ್ಕೆ ಸ್ಟೀವರ್ಟ್–ಪಯಟ್ ಸೂತ್ರವೇ ಹೆಚ್ಚು ಹೊಂದಿತು. ಅಲ್ಲೂ ಅಲ್ಯೂಮಿನಿಯಮ್ಮೇ, ಆದರೆ ಬಿಸಿಯೂ ಸಾಂದ್ರತೆಯೂ ಬೇರೆ. ಅದಕ್ಕೇ ಎರಡೂ ಸೂತ್ರ ಪ್ರೋಗ್ರಾಮಿನಲ್ಲಿ ಉಳಿಸಿಕೊಂಡಿದ್ದೇನೆ. ಪ್ರತಿ ಸಲವೂ ಎರಡನ್ನೂ ಓಡಿಸಿ ನೋಡುತ್ತೇನೆ.