ಸೈಕ್ಲಿಂಗ್ ಬ್ಯಾಡ್ಜಿಗೆ ಮಕ್ಕಳನ್ನು ಅಣಿಗೊಳಿಸಿದ ಬಗೆ

ನ್ಯೂಜೆರ್ಸಿಯ ನಮ್ಮ ಸ್ಕೌಟ್ ದಳದಲ್ಲಿ ಸೈಕ್ಲಿಂಗ್ ಮೆರಿಟ್ ಬ್ಯಾಡ್ಜಿನ ಕೌನ್ಸೆಲರ್ ಆಗಿ, ಎಂದರೆ ಆ ಕೌಶಲವನ್ನು ಮಕ್ಕಳಿಗೆ ಕಲಿಸಿ ಪರೀಕ್ಷಿಸುವ ಮಾರ್ಗದರ್ಶಿಯಾಗಿ, ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಸ್ಕೌಟಿಂಗ್‌ನಲ್ಲಿ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆಗಬಯಸುವವರು ಈಜು, ಚಾರಣ, ಸೈಕ್ಲಿಂಗ್ ಈ ಮೂರರಲ್ಲಿ ಒಂದು ಬ್ಯಾಡ್ಜನ್ನಾದರೂ ಗಳಿಸಲೇಬೇಕು; ನೀರಿಗಿಂತ ರಸ್ತೆಯನ್ನೇ ಮೆಚ್ಚುವ ಮಕ್ಕಳು ನನ್ನ ಬಳಿಗೆ ಬರುತ್ತಾರೆ.

ರಸ್ತೆ ಸವಾರಿಯನ್ನು ಆಯ್ದುಕೊಂಡವರು 10, 15 ಮತ್ತು 25 ಮೈಲಿಗಳ ಸವಾರಿಯನ್ನು ಎರಡೆರಡು ಬಾರಿ ಮಾಡಿ, ಕೊನೆಗೆ ತಾವೇ ನಕ್ಷೆಯಲ್ಲಿ ಗುರುತಿಸಿದ ಹಾದಿಯಲ್ಲಿ 50 ಮೈಲಿಗಳನ್ನು, ಎಂದರೆ ಸುಮಾರು 80 ಕಿಲೋಮೀಟರನ್ನು, ಎಂಟು ಗಂಟೆಗಳೊಳಗೆ ಮುಗಿಸಬೇಕು. ಇದನ್ನು ಕೇಳಿ ಗಾಬರಿಯಾಗುವ ತಂದೆತಾಯಿಯರಿಗೆ ನಾನು ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ: ಊಟ, ವಿಶ್ರಾಂತಿ ಎಲ್ಲವೂ ಸೇರಿ ಗಂಟೆಗೆ ಸರಾಸರಿ 10 ಕಿಲೋಮೀಟರ್ ಸಾಗಿದರೆ ಸಾಕು. ಮಕ್ಕಳನ್ನು ದಣಿಸುವುದು ದೂರವಲ್ಲ, ಮೊದಲ ಗಂಟೆಯ ಹುಮ್ಮಸ್ಸಿನ ವೇಗ. ಆದ್ದರಿಂದಲೇ ನಿಧಾನವಾಗಿ ತುಳಿಯುವ ಮಗುವನ್ನೇ ಮುಂದಿಟ್ಟು, ಹಿರಿಯರಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ಇರುವಂತೆ ಸಾಗುತ್ತೇವೆ. ಅಭ್ಯಾಸಕ್ಕೆ ಡೆಲವೇರ್ ಮತ್ತು ರ‍್ಯಾರಿಟನ್ ಕಾಲುವೆಯ ದಂಡೆಯಷ್ಟು ಒಳ್ಳೆಯ ದಾರಿ ಬೇರೆ ಕಾಣೆ. ಏರಿಳಿತವೂ ಇಲ್ಲ, ಮೋಟಾರು ವಾಹನಗಳೂ ಇಲ್ಲ.

ನಾನು ಹೆಚ್ಚು ಸಮಯ ಕೊಡುವುದು ಪಂಕ್ಚರ್ ಹಾಕುವುದಕ್ಕೆ. ಟ್ಯೂಬ್ ಬದಲಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ, ಆದರೆ ಪ್ಯಾಚ್ ಅಂಟಿಸಲು ತಾಳ್ಮೆ ಬೇಕು. ಗಾಳಿ ತುಂಬಿದ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ತಿರುಗಿಸುತ್ತ ಹೋದರೆ ತೂತು ಇದ್ದಲ್ಲಿ ತಣ್ಣನೆಯ ಗಾಳಿ ತಾಕುತ್ತದೆ. ಅಲ್ಲಿ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದರ ಹೊಳಪು ಆರುವವರೆಗೂ ಕಾಯಬೇಕು. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಸ್ವಲ್ಪ ದೂರದಲ್ಲೇ ಬಿಟ್ಟುಕೊಳ್ಳುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ತಡವಿ ನೋಡುವುದನ್ನೂ ಬಿಡಬಾರದು, ಏಕೆಂದರೆ ಒಳಗುಳಿದ ಗಾಜಿನ ಚೂರು ಹೊಸ ಟ್ಯೂಬನ್ನೂ ಚುಚ್ಚುತ್ತದೆ.

ಬ್ಯಾಡ್ಜಿನ ನಿಯಮಗಳಿಗೆ ಏನನ್ನೂ ಸೇರಿಸುವ ಅಥವಾ ಅವುಗಳಿಂದ ಏನನ್ನೂ ಕಳೆಯುವ ಅಧಿಕಾರ ಕೌನ್ಸೆಲರಿಗಿಲ್ಲ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಐವತ್ತು ಮೈಲಿಯ ಹಾದಿಯನ್ನು ಮಗು ತಾನೇ ಗುರುತಿಸಬೇಕು, ಹೆದ್ದಾರಿಗಳನ್ನು ತಾನೇ ತಪ್ಪಿಸಬೇಕು. ಕುಡಿಯುವ ನೀರು ಎಲ್ಲಿ ಸಿಗುತ್ತದೆ, ದೊಡ್ಡ ರಸ್ತೆಯನ್ನು ಎಲ್ಲಿ ದಾಟಬೇಕಾಗುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುವುದು ಎಂದು ಮಾತ್ರ ನಾನು ಕೇಳುತ್ತೇನೆ, ಮತ್ತು ನಕ್ಷೆಯ ಮೇಲೆ ಬೆರಳಿಟ್ಟು ಅದು ಉತ್ತರಿಸಿದ ಬಳಿಕವೇ ಸವಾರಿಯ ದಿನವನ್ನು ಗೊತ್ತುಮಾಡುತ್ತೇವೆ.