ಒಪ್ಪಿಕೊಂಡ ಮಾತನ್ನು ಒರೆಗೆ ಹಚ್ಚಿದ ಬಗೆ

ಅಪ್ಪನ ಟ್ರಂಕಿನಲ್ಲಿ ಒಂದು ದಪ್ಪ ಪುಸ್ತಕ ಇತ್ತು. 1938ರ ಮಾರ್ಚ್‌ನಲ್ಲಿ ಮಾಸ್ಕೋದಲ್ಲಿ, ಸ್ಟಾಲಿನ್ ಸರ್ಕಾರದ ವಿರುದ್ಧ ಪಿತೂರಿ ಮಾಡಿದರು ಎಂದು ಲೆನಿನ್‌ನ ಜೊತೆಗಾರನಾಗಿದ್ದ ಬುಖಾರಿನ್ ಮತ್ತು ಇನ್ನೂ 20 ಜನರ ಮೇಲೆ ನಡೆದ ವಿಚಾರಣೆಯ ವರದಿ. ಸೋವಿಯತ್ ಸರ್ಕಾರವೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದು. ಸುಮಾರು 800 ಪುಟ. ಮೊದಲ ಸಲ ಓದಿದಾಗ ನಾನು ನಂಬಿಬಿಟ್ಟೆ. ವಿದೇಶಿ ಪತ್ರಕರ್ತರ ಎದುರೇ ಒಬ್ಬೊಬ್ಬರಾಗಿ ಎದ್ದು ನಾವು ದ್ರೋಹಿಗಳು ಅನ್ನುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಳೆಯಾಗುತ್ತದೆ. ಇಷ್ಟೊಂದು ಜನ ಸುಮ್ನೆ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಳ್ಳುತ್ತಾರಾ ಅನ್ನಿಸಿತು.

ಮುಂದೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಒಬ್ಬ ಹುಡುಗಿ ಅದೇ ಪ್ರಶ್ನೆ ಕೇಳಿದಳು. "ಎಲ್ಲರೂ ಒಪ್ಪಿಕೊಂಡಿದ್ದಾರಲ್ಲ ಸರ್, ಮತ್ತೆ ಅದು ಸುಳ್ಳು ಅಂತ ಹೇಗೆ ಹೇಳ್ತೀರಿ?" ಸ್ಟಾಲಿನ್ ಕ್ರೂರಿ ಎಂದುಬಿಟ್ಟರೆ ಅದು ಉತ್ತರವಲ್ಲ. ಕ್ರೂರಿಯ ವಿರುದ್ಧವೂ ನಿಜವಾದ ಪಿತೂರಿ ನಡೆಯಬಹುದು, ಅಲ್ವಾ? ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಂಡು ಮೊದಲಿಂದ ಶುರು ಮಾಡಿದೆ. 1936 ಮತ್ತು 1937ರಲ್ಲಿ ಮಾಸ್ಕೋದಲ್ಲೇ ನಡೆದ ಇಂಥದೇ ವಿಚಾರಣೆಗಳನ್ನೂ ಸೇರಿಸಿಕೊಂಡೆ.

ಹೊರಗಿನವರು ಹೋಗಿ ನೋಡಬಹುದಾದ ಸಂಗತಿಗಳನ್ನು ಮಾತ್ರ ಬರೆದುಕೊಳ್ಳುತ್ತಾ ಹೋದೆ. ಊರು, ಹೋಟೆಲು, ತಾರೀಖು, ವಿಮಾನ. ನೂರಾರು ಪುಟ ಓದಿದರೂ ಇಂಥವು ಸಿಕ್ಕಿದ್ದು ತೀರಾ ಕಡಿಮೆ. ಉಳಿದದ್ದೆಲ್ಲ ಅವರು ಹೇಳಿದರು, ನಾನು ಒಪ್ಪಿದೆ ಎನ್ನುವ ಮಾತು. ಅದನ್ನು ಯಾರು ಪರೀಕ್ಷೆ ಮಾಡಲು ಸಾಧ್ಯ?

ನಾನು ಜಾಸ್ತಿ ಹೊತ್ತು ಕೂತದ್ದು 1936ರ ವಿಚಾರಣೆಯ ಆರೋಪಿ ಹೋಲ್ಟ್ಸ್‌ಮನ್ ಹೇಳಿಕೆಯ ಮೇಲೆ. 1932ರ ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನ ಬ್ರಿಸ್ಟಲ್ ಹೋಟೆಲಿನಲ್ಲಿ, ಸ್ಟಾಲಿನ್ ದೇಶದಿಂದ ಹೊರಹಾಕಿದ್ದ ಟ್ರಾಟ್‌ಸ್ಕಿಯ ಮಗ ಸೆದೋವ್‌ನನ್ನು ಕಂಡೆ, ಅವನು ಅಪ್ಪನ ಹತ್ತಿರ ಕರೆದುಕೊಂಡು ಹೋದ ಎಂದು ಆತ ಹೇಳಿದ. ಕೆಲವೇ ದಿನಗಳಲ್ಲಿ ಡೆನ್ಮಾರ್ಕಿನ ಒಂದು ಪತ್ರಿಕೆ, ಆ ಹೋಟೆಲನ್ನು 1917ರಲ್ಲೇ ಕೆಡವಿದ್ದಾರೆ ಎಂದು ಬರೆಯಿತು. ಇದನ್ನು ಓದಿದಾಗ ಕೇಸು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಬ್ರಿಸ್ಟಲ್ ಹೆಸರಿನ ಒಂದು ಕಾಫಿ ಅಂಗಡಿ ಬೇರೊಂದು ಹೋಟೆಲಿನ ಪಕ್ಕದಲ್ಲಿತ್ತು, ಆತ ಹೆಸರು ತಪ್ಪಾಗಿ ನೆನಪಿಟ್ಟುಕೊಂಡಿರಬೇಕು ಎಂಬುದು ವಿಚಾರಣೆಯ ಪರವಾಗಿದ್ದವರ ವಾದ. ನಾಲ್ಕು ವರ್ಷ ಹಳೆಯ ನೆನಪಿನಲ್ಲಿ ಅಂಥ ತಪ್ಪು ಆಗಬಹುದು. ಅದನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಹೋಟೆಲನ್ನು ಪಕ್ಕಕ್ಕಿಟ್ಟು ಮನುಷ್ಯನನ್ನು ಹುಡುಕಿದೆ. ಆ ದಿನಗಳಲ್ಲಿ ಸೆದೋವ್ ಎಲ್ಲಿದ್ದ? ಬರ್ಲಿನ್‌ನಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ. ಈ ಆರೋಪಗಳನ್ನು ಪರಿಶೀಲಿಸಲು 1937ರಲ್ಲಿ ಕೂತ, ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಅಧ್ಯಕ್ಷತೆಯ ಆಯೋಗದ ಮುಂದೆ ಇದಕ್ಕೆ ಕಾಗದಪತ್ರಗಳು ಬಂದವು. ಹೋಟೆಲಿನ ಹೆಸರು ತಪ್ಪಿರಬಹುದು. ಊರಿನಲ್ಲೇ ಇಲ್ಲದವನನ್ನು ಕಂಡೆ ಅನ್ನುವುದು ಹೇಗೆ?

1937ರ ವಿಚಾರಣೆಯ ಆರೋಪಿ ಪ್ಯಾತಕೋವ್‌ನದೂ ಹೀಗೇ. 1935ರ ಡಿಸೆಂಬರ್‌ನಲ್ಲಿ ಟ್ರಾಟ್‌ಸ್ಕಿಯನ್ನು ಕಾಣಲು ಬರ್ಲಿನ್‌ನಿಂದ ಓಸ್ಲೋಗೆ ವಿಮಾನದಲ್ಲಿ ಹೋದೆ ಎಂದ. ಆ ತಿಂಗಳು ಅಲ್ಲಿ ಒಂದೂ ವಿದೇಶಿ ನಾಗರಿಕ ವಿಮಾನ ಇಳಿದಿಲ್ಲ ಎಂದು ನಾರ್ವೆಯಿಂದ ಉತ್ತರ ಬಂತು.

ಆಗ ಗೊತ್ತಾಯಿತು, ಮಾತುಗಳು ತಾಳೆಯಾಗುವುದನ್ನೇ ಸಾಕ್ಷಿ ಅಂದುಕೊಂಡು ನಾನು ಎಡವಿದ್ದೆ. ಎಲ್ಲರ ಹೇಳಿಕೆಯನ್ನೂ ಬರೆಸಿದವರು ಒಂದೇ ಕಚೇರಿಯವರಾದರೆ ತಾಳೆಯಾಗದೆ ಇನ್ನೇನು? 1939ರ ಅಕ್ಟೋಬರ್‌ನಲ್ಲಿ ಪಕ್ಷದ ಹಿರಿಯ ನಾಯಕ ಐಖೆ ಜೈಲಿನಿಂದ ಸ್ಟಾಲಿನ್‌ಗೆ ಬರೆದ ಪತ್ರವನ್ನು, ಸ್ಟಾಲಿನ್ ನಂತರ ಪಕ್ಷದ ಮುಖ್ಯಸ್ಥರಾದ ಕ್ರುಶ್ಚೇವ್ 1956ರಲ್ಲಿ ಓದಿ ಹೇಳಿದರು. ಮುರಿದು ಸರಿಯಾಗಿ ಕೂಡದ ಪಕ್ಕೆಲುಬಿಗೇ ನೋವು ಕೊಟ್ಟರು ಎಂದು ಅದರಲ್ಲಿದೆ. ಹೇಳಿಕೆಯಲ್ಲಿ ಸಹಿ ಬಿಟ್ಟರೆ ಒಂದಕ್ಷರವೂ ನನ್ನದಲ್ಲ ಎಂದು 1940ರ ಫೆಬ್ರವರಿಯಲ್ಲಿ ಆತ ಕೋರ್ಟಿನಲ್ಲೂ ಹೇಳಿದ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಮತ್ತೆ ಅಪ್ಪನ ಪುಸ್ತಕಕ್ಕೆ ಬಂದೆ. ಈ ಸಲ ಮಾತು ತೊಡರುವ ಜಾಗಗಳನ್ನು ಹುಡುಕಿದೆ. ಆರೋಪಿಗಳಲ್ಲೊಬ್ಬನಾದ ಕ್ರೆಸ್ತಿನ್‌ಸ್ಕಿ ಮಾರ್ಚ್ 2ರಂದು ನಾನು ತಪ್ಪಿತಸ್ಥನಲ್ಲ ಎಂದು ನೇರವಾಗಿ ಹೇಳುತ್ತಾನೆ. ಮರುದಿನ ಸಂಜೆ ಅದೇ ಬಾಯಿಂದ, ನಿನ್ನೆ ನಾಚಿಕೆಯಿಂದ ಹಾಗೆ ಹೇಳಿದೆ, ಎಲ್ಲ ತಪ್ಪೂ ನನ್ನದೇ ಎನ್ನುತ್ತಾನೆ. ನಡುವೆ ಒಂದು ರಾತ್ರಿ ಇದೆ. ಬುಖಾರಿನ್ ಒಟ್ಟಾರೆ ತಪ್ಪು ನನ್ನದು ಅನ್ನುತ್ತಾನೆ, ಆದರೆ ಗೂಢಚಾರಿಕೆಯನ್ನು ಒಪ್ಪುವುದಿಲ್ಲ, ಲೆನಿನ್ ಕೊಲೆಗೆ ಸಂಚು ಮಾಡಿದ್ದನ್ನೂ ಒಪ್ಪುವುದಿಲ್ಲ. ಆರೋಪಿಯ ತಪ್ಪೊಪ್ಪಿಗೆಯ ಮೇಲೆ ತೀರ್ಪು ನಿಲ್ಲಿಸುವುದು ಮಧ್ಯಯುಗದ ನ್ಯಾಯ ಎಂದು ಕೊನೆಯ ಹೇಳಿಕೆಯಲ್ಲಿ ಹೇಳಿಯೇಬಿಟ್ಟ. ಸರ್ಕಾರವೇ ಅಚ್ಚು ಹಾಕಿದ ಪುಟದಲ್ಲಿ ಈ ಮಾತು ಇತ್ತು. ಮೊದಲ ಓದಿನಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆ ಹುಡುಗಿಗೆ ನೋಟ್‌ಬುಕ್ ತೋರಿಸಿದೆ. "ಕೋರ್ಟಿಗೇ ಬರದವರ ಕಥೆ ಏನು ಸರ್?" ಅಂದಳು. ಸೋವಿಯತ್ ದಾಖಲೆಗಳ ಲೆಕ್ಕದಲ್ಲೇ 1937 ಮತ್ತು 1938ರಲ್ಲಿ 6,81,692 ಜನರಿಗೆ ಮರಣದಂಡನೆ ಆಯಿತು. ಅವರಲ್ಲಿ ವೀರೇಂದ್ರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಸರೋಜಿನಿ ನಾಯ್ಡು ಅವರ ತಮ್ಮ, ನಮ್ಮ ಮಂಗಳೂರಿನ ಕಮಲಾದೇವಿಯವರಿಗೆ ಭಾವ. 1937ರ ಜುಲೈನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಬಂಧನ. ಸೆಪ್ಟೆಂಬರ್ 2ರಂದು ಗುಂಡು. ನಡುವೆ ಎರಡು ತಿಂಗಳೂ ಇಲ್ಲ. ಅವರ ಹೆಸರಿನ ಪುಟದಲ್ಲಿ ನಾನು ಬರೆದುಕೊಂಡಿರುವುದು ಈ ಎರಡು ತಾರೀಖು ಮಾತ್ರ.