ಎರಡು ಸಲ ಮಾಡಿದ ಗೇರ್‌ಬಾಕ್ಸ್ ಮೌಂಟ್

ಮಣ್ಣಿನ ಹಾದಿಯಲ್ಲಿ ನನ್ನ ರ್‍ಯಾಲಿ ಕಾರಿನ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಮೂರನೇ ಗೇರು ತಾನಾಗಿಯೇ ನ್ಯೂಟ್ರಲ್‌ಗೆ ಜಾರುತ್ತಿತ್ತು. ಗೇರ್‌ಬಾಕ್ಸಿನೊಳಗೆ ಸಿಂಕ್ರೋ ಸವೆದಿದೆ, ಫೋರ್ಕ್ ಬಾಗಿದೆ ಎಂದೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಬಾನೆಟ್ ತೆರೆದಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕನ್ನೂ ತುಳಿದುಕೊಂಡು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ತುಸುವೇ ಬಿಡಲು ಗೆಳೆಯನಿಗೆ ಹೇಳಿ ನಾನು ಪಕ್ಕದಲ್ಲಿ ನಿಂತು ನೋಡಿದೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಒಟ್ಟಾಗಿ ತೊಟ್ಟಿಲಿನಂತೆ ತೂಗಿದವು. ನನ್ನ ಕಾರಿನಲ್ಲಿ ಗೇರ್ ಬದಲಿಸುವುದು ಕೇಬಲ್ ಅಲ್ಲ, ಸರಳು. ಗೇರ್‌ಬಾಕ್ಸ್ ಹಿಂದೆ ಮುಂದೆ ಹೋದರೆ ಸರಳು ಗೇರನ್ನು ಎಳೆದೇ ಎಳೆಯುತ್ತದೆ. ಕಾಯಿಲೆ ಗೇರಿನದಲ್ಲ, ಗೇರ್‌ಬಾಕ್ಸನ್ನು ಕಾರಿನ ಚಾಸಿಗೆ (ಚೌಕಟ್ಟಿಗೆ) ಹಿಡಿದಿಟ್ಟುಕೊಳ್ಳಬೇಕಾದ ಮೌಂಟಿನದು.

ಹೊಸ ರಬ್ಬರ್ ಮೌಂಟ್ ತಂದು ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಹ್ಯಾಚ್‌ಬ್ಯಾಕಿನಲ್ಲಿ ಇದ್ದದ್ದು ಅದೇ ಎಂಜಿನ್ ಕುಟುಂಬದ ಇನ್ನೊಂದು ಕಾರಿನ ಗೇರ್‌ಬಾಕ್ಸ್. ಗೇರುಗಳ ಅನುಪಾತಗಳು ಒಂದಕ್ಕೊಂದು ಹತ್ತಿರ ಇವೆ ಎಂದು ಆಸೆಪಟ್ಟು ಕೂರಿಸಿದ್ದೆ. ಬೆಲ್‌ಹೌಸಿಂಗ್ ಎಂಜಿನ್ನಿಗೆ ಸರಿಯಾಗಿ ಕೂತಿತು, ಮೌಂಟಿನ ತೂತುಗಳು ಮಾತ್ರ ಎಲ್ಲೋ ಇದ್ದವು. ಆಗ ಒಂದು ಪಟ್ಟಿ ತಗಡು ಬಗ್ಗಿಸಿ ಹೇಗೋ ಹೊಂದಿಸಿದ್ದೆ. ಅದರ ಪಾಪ ಈಗ ತಲೆಗೆ ಬಂದಿತ್ತು.

ಕೆಲಸ ಶುರುಮಾಡುವ ಮುಂಚೆ ಒಂದು ಲೆಕ್ಕ ಹಾಕಿದೆ. ಎಂಜಿನ್ ಟಾರ್ಕ್ (ತಿರುಗಿಸುವ ಬಲ) 130 ನ್ಯೂಟನ್-ಮೀಟರ್, ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವ್ (ಚಕ್ರಕ್ಕೆ ಮುನ್ನ ಬರುವ ಕೊನೆಯ ಗೇರ್ ಜೋಡಿ) 4.3 ಎಂದಿಟ್ಟುಕೊಳ್ಳಿ. ಗುಣಿಸಿದರೆ ಸುಮಾರು 1,950 ನ್ಯೂಟನ್-ಮೀಟರ್. ಚಕ್ರಗಳನ್ನು ಮುಂದಕ್ಕೆ ತಿರುಗಿಸುವ ಈ ಬಲವೇ ಗೇರ್‌ಬಾಕ್ಸನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದನ್ನು ತಡೆಯುವುದು ಮೌಂಟುಗಳು ಮಾತ್ರ. ತಿರುಗುವ ಅಕ್ಷದಿಂದ 40 ಸೆಂಟಿಮೀಟರ್ ದೂರದಲ್ಲಿ ಒಂದೇ ಕಡೆ ತಡೆದರೆ ಅಲ್ಲಿ ಬೀಳುವ ಬಲ ಹತ್ತಿರ ಹತ್ತಿರ 500 ಕಿಲೋ ಭಾರಕ್ಕೆ ಸಮ. ಇದು ಸಲೀಸಾಗಿ ಎಳೆಯುವಾಗಿನ ಮಾತು. ಕ್ಲಚ್ಚನ್ನು ದಬಕ್ಕನೆ ಬಿಟ್ಟಾಗ, ಗಾಳಿಯಲ್ಲಿ ಸುತ್ತುತ್ತಿದ್ದ ಚಕ್ರ ನೆಲ ಕಚ್ಚಿದಾಗ ಬೀಳುವ ಏಟು ಇದಕ್ಕಿಂತ ಜೋರು.

ಈ ಅಂಕಿ ನೋಡಿ ಹೆದರಿದ್ದೇ ಮೊದಲನೇ ತಪ್ಪಿಗೆ ಕಾರಣ. 8 ಮಿಲಿಮೀಟರ್ ಪ್ಲೇಟು, ನಡುವೆ ರಬ್ಬರೇ ಇಲ್ಲದ ಉಕ್ಕಿನ ಕೊಳವೆ, ಅದರೊಳಗೆ ನೇರವಾಗಿ ಬೋಲ್ಟು. ಅಲುಗುವ ಮಾತೇ ಇಲ್ಲ. ಗೇರು ಜಾರುವುದು ಅವತ್ತೇ ನಿಂತಿತು, ನಾನೂ ಬೀಗಿದೆ. ಆದರೆ ಕಾರು ನಿಂತು ಎಂಜಿನ್ ಮಾತ್ರ ಓಡುವ ಐಡಲ್‌ನಲ್ಲಿ ಕನ್ನಡಿಯೊಳಗಿನದೆಲ್ಲ ಮಸುಕಾಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ರ್‍ಯಾಲಿ ಕಾರು ಅಂದರೆ ಹೀಗೇ ಇರಬೇಕು ಎಂದು ಸಮಾಧಾನ ಹೇಳಿಕೊಂಡೆ.

ಕೆಲವೇ ದಿನಗಳ ಮಣ್ಣು ಹಾದಿಯ ಓಟದ ನಂತರ ಎಂಜಿನ್ ಕೆಳಗಿನ ರಕ್ಷಣಾ ತಗಡು, ಅಂದರೆ ಸಂಪ್ ಗಾರ್ಡ್, ಬಿಚ್ಚಿದಾಗ ಗೇರ್ ಆಯಿಲ್ ಒದ್ದೆ ಕಂಡಿತು. ಸೀಲ್ ಹೋಗಿರಬೇಕು ಎಂದುಕೊಂಡು ಒರೆಸಿದೆ. ಸೀಲ್ ಅಲ್ಲ. ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚದಲ್ಲಿ ಮೌಂಟ್ ಕಚ್ಚುವ ಕಿವಿಯ ಬುಡದಲ್ಲೇ ಬಿರುಕು. ನನ್ನ ಮೌಂಟಿಗೆ ಒಂದು ಗೀರೂ ಆಗಿರಲಿಲ್ಲ.

ಮೂವರು ಸೇರಿ ಹೊರೆ ಹೊತ್ತಾಗ ಇಬ್ಬರು ಬಗ್ಗಿ ಒಬ್ಬ ಬಗ್ಗದಿದ್ದರೆ ಭಾರವೆಲ್ಲ ಬಗ್ಗದವನ ಹೆಗಲಿಗೇ. ಎಂಜಿನ್ ಬದಿಯ ಮೌಂಟ್, ಎಂಜಿನ್ ತೂಗದಂತೆ ಹಿಡಿಯುವ ಕೆಳಗಿನ ಟಾರ್ಕ್ ರಾಡ್ ಎರಡರಲ್ಲೂ ಹಳೆಯ ಮೆತ್ತನೆಯ ರಬ್ಬರ್ ಇತ್ತು. ಅವು ಹಿಗ್ಗಿ ಕುಗ್ಗಿ ಜಾರಿಕೊಂಡವು, ಏಟೆಲ್ಲ ನನ್ನ ಗಟ್ಟಿ ಮೌಂಟಿನ ಮೂಲಕ ಕವಚಕ್ಕೆ ಹೋಯಿತು. ಉಕ್ಕು ತಡೆದುಕೊಂಡಿತು, ಎರಕದ ಅಲ್ಯೂಮಿನಿಯಂ ತಡೆಯಲಿಲ್ಲ. ಆಯಿಲ್ ಖಾಲಿ ಮಾಡಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಿ, ಉದ್ದಕ್ಕೂ ಕೆರೆದು, ಟಿಗ್ ವೆಲ್ಡಿಂಗ್ ಬಲ್ಲವರ ಕೈಯಲ್ಲಿ ಮುಚ್ಚಿಸಿದೆ. ಆಮೇಲೆ ಮೌಂಟನ್ನು ಮೊದಲಿನಿಂದ ಯೋಚಿಸಿದೆ. ಈ ಸಲ ಕೇಳಿಕೊಂಡದ್ದು ಎಷ್ಟು ಗಟ್ಟಿ ಎಂದಲ್ಲ, ಎಷ್ಟು ಬಗ್ಗಬೇಕು ಎಂದು.

ಗೇರ್‌ಬಾಕ್ಸಿಗೆ ಕೆಳಗಿನಿಂದ ಮರದ ತುಂಡು ಕೊಟ್ಟು ಜಾಕ್ ಹಾಕಿದೆ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಎಂಜಿನ್ನನ್ನು ಮೇಲಿನಿಂದ ಅಡ್ಡ ಸರಳಿಗೆ ತೂಗುಹಾಕಿದೆ. ಗೇರ್‌ಬಾಕ್ಸ್ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಚಾಸಿಯ ತೂತುಗಳಲ್ಲ, ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್. ಸ್ಪ್ರಿಂಗ್ ತೆಗೆದು, ಚಕ್ರವನ್ನು ಪೂರ್ತಿ ಕೆಳಗಿಳಿಸಿ, ಪೂರ್ತಿ ಮೇಲೆತ್ತಿ, ಎರಡೂ ಬದಿಯ ಒಳ ಜಾಯಿಂಟ್ ಒಳಗೆ ಗುದ್ದುತ್ತದೆಯೇ, ಕಳಚಿಕೊಳ್ಳುವಷ್ಟು ಹೊರಗೆ ಬರುತ್ತದೆಯೇ ನೋಡಿದೆ. ಎಡಕ್ಕೆ 4 ಮಿಲಿಮೀಟರ್ ಸರಿಸಿದ ಮೇಲೆ ಎರಡೂ ಬದಿ ಸಮಾಧಾನವಾಯಿತು. ಎಕ್ಸಾಸ್ಟ್, ಗೇರ್ ಸರಳು, ರೇಡಿಯೇಟರ್ ಫ್ಯಾನಿನ ಅಂತರವನ್ನೂ ಆಗಲೇ ಅಳೆದುಕೊಂಡೆ.

ರಟ್ಟು ಕತ್ತರಿಸುವ ಕೆಲಸಕ್ಕೆ ಒಂದು ಇಡೀ ಸಂಜೆ ಹೋಯಿತು, ಆದರೆ ಉಳಿದೆಲ್ಲ ಕೆಲಸವನ್ನು ಸಲೀಸು ಮಾಡಿದ್ದು ಅದೇ. ರಟ್ಟಿನಲ್ಲಿ ಆಕಾರ ತೆಗೆದು, ತೆಳು ಪ್ಲೈವುಡ್ಡಿನಲ್ಲಿ ಕತ್ತರಿಸಿ, ಅದನ್ನು ಜಾಗದಲ್ಲಿ ಹಿಡಿದು ಸ್ಪ್ಯಾನರ್ ಒಳಗೆ ಹೋಗುತ್ತದೋ ಇಲ್ಲವೋ ಪರೀಕ್ಷಿಸಿದೆ. ಬೋಲ್ಟ್ ಬಿಗಿಯಲಾಗದ ಮೌಂಟನ್ನು ಚಂದವಾಗಿ ಮಾಡಿಟ್ಟವರನ್ನು ನಾನು ನೋಡಿದ್ದೇನೆ. ತೂತಿನ ಗುರುತಿಗೆ ಅಳತೆಪಟ್ಟಿಯನ್ನು ನಂಬಲಿಲ್ಲ. ಹಳೆಯ ಎಂ10 ಬೋಲ್ಟುಗಳ ತಲೆ ಕತ್ತರಿಸಿ, ತುದಿ ಚೂಪು ಮಾಡಿ, ಕವಚದ ತೂತುಗಳಿಗೆ ತಿರುಗಿಸಿ, ಚೂಪು ತುದಿ ಸ್ವಲ್ಪವೇ ಹೊರಗಿರುವಂತೆ ಬಿಟ್ಟೆ. ಪ್ಲೇಟನ್ನು ಅದರ ಮೇಲಿಟ್ಟು ಸುತ್ತಿಗೆಯಲ್ಲಿ ಒಂದೇಟು. ಮೂರು ಚುಕ್ಕೆ ಮೂಡಿದವು. ಮೊದಲು 4 ಮಿಲಿಮೀಟರ್ ಬಿಟ್, ನಂತರ ಹಂತ ಹಂತವಾಗಿ 10.5ರವರೆಗೆ.

ಪ್ಲೇಟು ಈ ಸಲ 6 ಮಿಲಿಮೀಟರ್ ಮೈಲ್ಡ್ ಸ್ಟೀಲ್. ದಪ್ಪ ಕಡಿಮೆ ಮಾಡಿ ಅಡ್ಡಕ್ಕೆ ತ್ರಿಕೋನದ ಆಸರೆ ಪಟ್ಟಿ ಕೊಟ್ಟೆ. ಮೂಲೆಗಳನ್ನೆಲ್ಲ ಅರ ಹಾಕಿ ಗುಂಡಗೆ ಮಾಡಿದೆ, ಚೂಪು ಮೂಲೆ ಎಂದರೆ ಬಿರುಕಿಗೆ ಕೊಟ್ಟ ಆಹ್ವಾನ. ವೆಲ್ಡ್ ಆಗುವ ಅಂಚುಗಳನ್ನು ಗ್ರೈಂಡರಿನಲ್ಲಿ ಓರೆ ಮಾಡಿದರೆ ಮಾತ್ರ ಬೆಸುಗೆ ಬುಡದವರೆಗೆ ಇಳಿಯುತ್ತದೆ, ಇಲ್ಲವಾದರೆ ಮೇಲೆ ಅಂಟಿದ ಸೊಗಸಾದ ಗೆರೆ ಅಷ್ಟೆ.

ಕಾರಿನಲ್ಲೇ ಮಾಡಿದ್ದು ಟ್ಯಾಕ್, ಅಂದರೆ ತಾತ್ಕಾಲಿಕ ಬೆಸುಗೆ ಮಾತ್ರ, ನಾಲ್ಕು ಚುಕ್ಕೆ. ಅದಕ್ಕೂ ಮುಂಚೆ ಬ್ಯಾಟರಿ ಕಳಚಿ, ಎಂಜಿನ್ ಕಂಪ್ಯೂಟರಿನ (ಇಸಿಯು) ಪ್ಲಗ್ ತೆಗೆದೆ. ಅರ್ತ್ ಕ್ಲ್ಯಾಂಪನ್ನು ಟ್ಯಾಕ್ ಹಾಕುವ ತುಂಡಿಗೇ ಕಚ್ಚಿಸಿದೆ. ದೂರದಲ್ಲಿ ಎಲ್ಲೋ ಕಚ್ಚಿಸಿದರೆ ಕರೆಂಟು ಗೇರ್‌ಬಾಕ್ಸಿನ ಬೇರಿಂಗ್ ದಾಟಿಕೊಂಡು ಹೋಗಿ ಗುಂಡುಗಳಿಗೆ ಗುಳಿ ಬೀಳಿಸುತ್ತದೆ. ಪೂರ್ತಿ ವೆಲ್ಡಿಂಗ್ ಮೇಜಿನ ಮೇಲೆ, ಮೌಂಟನ್ನು ದಪ್ಪ ಹಲಗೆ ಉಕ್ಕಿಗೆ ಬೋಲ್ಟಿನಿಂದ ಬಿಗಿದು, ಒಮ್ಮೆ ಈ ಬದಿ ಒಮ್ಮೆ ಆ ಬದಿ ತುಸು ತುಸುವೇ. ಮೊದಲ ಮೌಂಟಿನಲ್ಲಿ ಅವಸರಕ್ಕೆ ಒಂದೇ ಬದಿ ಎಳೆದದ್ದರಿಂದ ತಣ್ಣಗಾಗುವಾಗ ಪ್ಲೇಟು 2 ಮಿಲಿಮೀಟರ್ ತಿರುಚಿಕೊಂಡಿತ್ತು. ಆ ತಿರುಚನ್ನು ಬೋಲ್ಟ್ ಬಿಗಿದು ನೇರ ಮಾಡಿದ್ದೆ, ಅಂದರೆ ಕವಚದ ಕಿವಿಯನ್ನು ಮೊದಲ ದಿನದಿಂದಲೇ ಎಳೆದು ಹಿಡಿದಿದ್ದೆ. ಬಿರುಕಿಗೆ ಅದರ ಪಾಲೂ ಇದ್ದೇ ಇದೆ.

ಚಾಸಿಯ ಬದಿ ಪೊಳ್ಳು ಪೆಟ್ಟಿಗೆ. ಬೋಲ್ಟ್ ಬಿಗಿದರೆ ಪೆಟ್ಟಿಗೆಯೇ ಅಮುಕಿಕೊಳ್ಳುತ್ತದೆ. ಒಳಗೆ ಕೊಳವೆ ತೂರಿಸಿ, ಹೊರಗೆ 3 ಮಿಲಿಮೀಟರ್ ತಗಡು ಕೂರಿಸಿದೆ.

ಇನ್ನು ಬುಷ್, ಅಂದರೆ ಮೌಂಟಿನ ನಡುವೆ ಏಟು ತಿನ್ನುವ ಮೆತ್ತೆ. ಹೊರಗಿನ ಕೊಳವೆಯ ಒಳವ್ಯಾಸ 60 ಮಿಲಿಮೀಟರ್, ನಡುವೆ ಬೋಲ್ಟ್ ತೂರುವ ಉಕ್ಕಿನ ತೋಳಿನ (ಸ್ಲೀವ್) ಹೊರವ್ಯಾಸ 20, ಎರಡರ ನಡುವೆ ಸುತ್ತಲೂ 20 ಮಿಲಿಮೀಟರ್ ಪಾಲಿಯುರಿಥೇನ್, ರಬ್ಬರಿನಂಥ ಪ್ಲಾಸ್ಟಿಕ್. ಗಡಸುತನ ಶೋರ್ ಎ ಮಾಪಕದಲ್ಲಿ 80 ಆರಿಸಿಕೊಂಡೆ. ತೋಳು ಎರಡೂ ಬದಿ ಹೊರಗಿನ ಕೊಳವೆಗಿಂತ 2 ಮಿಲಿಮೀಟರ್ ಉದ್ದ ಇರಬೇಕು. ಬೋಲ್ಟಿನ ಬಿಗಿತ ತೋಳಿನ ಮೇಲೆ ಬೀಳಬೇಕೇ ಹೊರತು ಪಾಲಿಯುರಿಥೇನ್ ಮೇಲೆ ಅಲ್ಲ. ಎರಡು ದ್ರವಗಳನ್ನು ತೂಕದ ಲೆಕ್ಕದಲ್ಲಿ ಬೆರೆಸಿ ಹೊಯ್ಯುವುದು. ಮೊದಲ ಸಲ ಹೊಯ್ದದ್ದನ್ನು ಕೊಯ್ದು ನೋಡಿದರೆ ಒಳಗೆಲ್ಲ ಗುಳ್ಳೆ. ಮಳೆಯ ದಿನ, ಗಾಳಿಯ ತೇವ ಹೀರಿಕೊಂಡು ನೊರೆಯಾಗಿತ್ತು. ಎರಡನೇ ಸಲ ಒಣ ದಿನ ನೋಡಿ, ಉಕ್ಕನ್ನು ಒರಟು ಮರಳು ಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಪ್ರೈಮರ್ ಹಚ್ಚಿ, ದಾರದಂತೆ ಸಣ್ಣಗೆ ಸುರಿದೆ. ಮುಟ್ಟಿದರೆ ಒಂದೇ ದಿನಕ್ಕೆ ಗಟ್ಟಿ ಅನಿಸಿತು, ಆದರೂ ಒಂದು ವಾರ ಕೈ ಹಚ್ಚಲಿಲ್ಲ. ವೆಲ್ಡಿಂಗೆಲ್ಲ ಮುಗಿದ ಮೇಲೇ ಇದನ್ನು ಹೊಯ್ಯಬೇಕು ಎಂದು ಬೇರೆ ಹೇಳಬೇಕಿಲ್ಲ.

ಬುಷ್‌ನ ಎರಡೂ ಬದಿಗೆ 70 ಮಿಲಿಮೀಟರ್ ಅಗಲದ ವಾಷರ್ ಕೊಟ್ಟಿದ್ದೇನೆ. ಪಾಲಿಯುರಿಥೇನ್ ಎಂದಾದರೂ ಕಿತ್ತುಹೋದರೂ ತೋಳು 60ರ ಕೊಳವೆಯಿಂದ ಜಾರಿ ಹೊರಬರಲಾರದು, ಗೇರ್‌ಬಾಕ್ಸ್ ನೆಲಕ್ಕೆ ಬೀಳುವುದಿಲ್ಲ. ನಡುವಿನ ಬೋಲ್ಟನ್ನು ಬಿಗಿದದ್ದು ಜಾಕ್ ತೆಗೆದು ಗೇರ್‌ಬಾಕ್ಸ್ ತನ್ನ ತೂಕಕ್ಕೆ ಕೂತ ಮೇಲೆ. ಟಾರ್ಕ್ ರಾಡಿನ ಬುಷ್‌ಗೂ ಅದೇ ಪಾಲಿಯುರಿಥೇನ್ ಹೊಯ್ದೆ, ಹೊರೆ ಹಂಚಿಕೆಯಾಗಲಿ ಎಂದು.

ಎಷ್ಟು ಅಲುಗುತ್ತದೆ ಎಂದು ತಿಳಿಯಲು ಗೇರ್‌ಬಾಕ್ಸ್ ಮತ್ತು ಚಾಸಿಯ ನಡುವೆ ಮಕ್ಕಳು ಆಡುವ ಬಣ್ಣದ ಮಣ್ಣಿನ ಉಂಡೆ ಅಂಟಿಸಿ ಓಡಿಸಿದೆ. ಉಂಡೆ 7 ಮಿಲಿಮೀಟರ್ ಅಮುಕಿತ್ತು. ನಾನು ಬಿಟ್ಟಿದ್ದ ಜಾಗ 15. ಮೂರನೇ ಗೇರು ಈಗ ಜಾರುವುದಿಲ್ಲ. ಐಡಲ್‌ನಲ್ಲಿ ಡ್ಯಾಶ್‌ಬೋರ್ಡ್ ಇನ್ನೂ ತುಸು ಗುನುಗುತ್ತದೆ, ಐಡಲನ್ನು ನಿಮಿಷಕ್ಕೆ 850 ಸುತ್ತಿನಿಂದ 950ಕ್ಕೆ ಏರಿಸಿದ ಮೇಲೆ ಸಹಿಸುವಂತಾಯಿತು. ಸ್ಪರ್ಧೆಗೆ ಇಳಿಯುವವರು ತಮ್ಮ ವರ್ಗದ ನಿಯಮದಲ್ಲಿ ಮೌಂಟ್ ಬದಲಿಸಲು ಅವಕಾಶ ಇದೆಯೇ ಎಂದು ಮೊದಲೇ ಓದಿಕೊಳ್ಳಿ, ಪರಿಶೀಲಕರ ಮುಂದೆ ನಿಂತು ಓದುವುದು ಬೇಡ.

ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಹಳದಿ ಬಣ್ಣದ ಗೆರೆ ಎಳೆದಿದ್ದೇನೆ. ಸಂಪ್ ಗಾರ್ಡ್ ಬಿಚ್ಚಿದಾಗಲೆಲ್ಲ ಟಾರ್ಚ್ ಹಿಡಿದು ಗೆರೆ ಮುರಿದಿದೆಯೇ, ವೆಲ್ಡಿನ ಅಂಚಿನಲ್ಲಿ ತುಕ್ಕಿನ ಎಳೆ ಕಾಣುತ್ತದೆಯೇ ನೋಡುತ್ತೇನೆ. ಹೋದ ಸಲ ಗೆರೆಗಳೆಲ್ಲ ನೆಟ್ಟಗಿದ್ದವು, ಕವಚದ ಕಿವಿಯೂ ಒಣಗಿತ್ತು. ಎಂಜಿನ್ ಬದಿಯ ಹಳೆಯ ರಬ್ಬರಿನಲ್ಲಿ ಮಾತ್ರ ಕೂದಲೆಳೆಯಷ್ಟು ಸೀಳು. ಅದಕ್ಕೆ ರಟ್ಟು ಕತ್ತರಿಸಿಯಾಗಿದೆ.